ಕೂಗಿದ ಕಪ್ಪೆಗಳೆಷ್ಟು, ಹೆತ್ತ ಕಪ್ಪೆಗಳೆಷ್ಟು?



ಕೊಳದಲ್ಲಿ ಎಷ್ಟು ಕಪ್ಪೆಗಳಿವೆ ಎಂದು ಯಾರಾದರೂ ಕೇಳಿದರೆ ರಾತ್ರಿ ಟಾರ್ಚ್ ಹಿಡಿದು ಹೋಗಿ ಎಣಿಸಿ ಹೇಳಬಹುದು. ಅವುಗಳಲ್ಲಿ ಎಷ್ಟು ತಮ್ಮ ಜೀನುಗಳನ್ನು ಮುಂದಿನ ತಲೆಮಾರಿಗೆ ದಾಟಿಸಿದವು ಎಂದು ಕೇಳಿದರೆ ಟಾರ್ಚ್ ಸಾಲದು. ಈ ಎರಡನೆಯ ಪ್ರಶ್ನೆಗೆ ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲಿ ಒಂದು ಅಳತೆ ಕೊಟ್ಟರು: ಪರಿಣಾಮಕಾರಿ ಸಂಖ್ಯೆ. ನಮ್ಮ ಕೊಳದಲ್ಲಿ ಆನುವಂಶಿಕ ವೈವಿಧ್ಯ ಆಕಸ್ಮಿಕವಾಗಿ ಯಾವ ವೇಗದಲ್ಲಿ ಸವೆಯುತ್ತಿದೆಯೋ ಅದೇ ವೇಗದಲ್ಲಿ ಸವೆಯುವ ಆದರ್ಶ ಗುಂಪೊಂದನ್ನು ಊಹಿಸಿ; ಅದರಲ್ಲಿರುವ ಜೀವಿಗಳ ಸಂಖ್ಯೆಯೇ ಇದು. ಆದರ್ಶ ಗುಂಪಿನಲ್ಲಿ ಗಂಡು ಹೆಣ್ಣು ಸಮ, ಎಲ್ಲಕ್ಕೂ ಸಮಾನ ಅವಕಾಶ. ಕಪ್ಪೆಗಳಲ್ಲಿ ಅಂಥದ್ದು ಕನಸಿನ ಮಾತು.

ಬ್ರಿಟನ್ನಿನ ಕರಾವಳಿಯ ಮರಳುದಿಬ್ಬಗಳಲ್ಲಿ ನ್ಯಾಟರ್‌ಜ್ಯಾಕ್ ಎಂಬ ನೆಲಗಪ್ಪೆಯಿದೆ. ಬೆನ್ನ ಮೇಲೆ ಹಳದಿ ಗೆರೆ, ದೂರದವರೆಗೆ ಕೇಳುವ ಕೂಗು. ಕೂಗುವ ದೊಡ್ಡ ಗಂಡಿನ ಪಕ್ಕದಲ್ಲಿ ಸಣ್ಣ ಗಂಡುಗಳು ಸದ್ದಿಲ್ಲದೆ ಕೂತು, ಕೂಗಿಗೆ ಬಂದ ಹೆಣ್ಣನ್ನು ದಾರಿಯಲ್ಲೇ ಹಿಡಿಯಲು ನೋಡುತ್ತವೆ. ಹೆಣ್ಣು ಸಾವಿರಾರು ಮೊಟ್ಟೆಗಳ ಉದ್ದನೆಯ ಸರವನ್ನು ಆಳವಿಲ್ಲದ ನೀರಿನಲ್ಲಿ ಬಿಟ್ಟು ಹೋಗುತ್ತದೆ. ಸಾಮಾನ್ಯವಾಗಿ ಹೆಣ್ಣೊಂದಕ್ಕೆ ವರ್ಷಕ್ಕೆ ಒಂದೇ ಸರವಾದ್ದರಿಂದ ಸರ ಎಣಿಸಿದರೆ ಹೆಣ್ಣುಗಳ ಲೆಕ್ಕ ಸಿಕ್ಕಿತು. ಆದರೆ ಗುಂಡಿ ಬೇಗ ಬತ್ತಿದರೆ ಆ ಗುಂಡಿಯ ಗೊದಮೊಟ್ಟೆಗಳೆಲ್ಲ ಒಟ್ಟಿಗೆ ಹೋದವು. ಸರ ಇಟ್ಟದ್ದಕ್ಕೂ ವಂಶ ಉಳಿದದ್ದಕ್ಕೂ ಸಂಬಂಧ ಅಷ್ಟಕ್ಕಷ್ಟೇ.

ಗಣಿತ ಇಲ್ಲಿ ನಿರ್ದಯಿ. ಹತ್ತು ಗಂಡು, ತೊಂಬತ್ತು ಹೆಣ್ಣು ಕೂಡಿ ಸಂತಾನ ಪಡೆದರೆ ಎಣಿಕೆ 100, ಪರಿಣಾಮಕಾರಿ ಸಂಖ್ಯೆ ಬರೀ 36. ನಾಲ್ಕು ತಲೆಮಾರು 200ರಂತೆ ಇದ್ದು ಐದನೆಯದು 10ಕ್ಕೆ ಕುಸಿದರೆ ಸರಾಸರಿ 162 ಎಂದು ಸಮಾಧಾನಪಡುವಂತಿಲ್ಲ; ವೈವಿಧ್ಯದ ಲೆಕ್ಕದಲ್ಲಿ ಅದು ಸುಮಾರು 42. ಒಂದು ಬರಗಾಲದ ಪೆಟ್ಟನ್ನು ನಾಲ್ಕು ಸಮೃದ್ಧ ತಲೆಮಾರುಗಳೂ ಮರೆಸಲಾರವು.

ಜೀನ್ ಗುರುತುಗಳು ನೆರವಿಗೆ ಬರುವುದು ಇಲ್ಲಿ. ಗೊದಮೊಟ್ಟೆಯ ಬಾಲದ ಚೂರು ತುದಿ ಸಾಕು. ಅದರಲ್ಲಿ ಮೈಕ್ರೋಸ್ಯಾಟಲೈಟ್ ಎಂಬ, ಜೀವಿಯಿಂದ ಜೀವಿಗೆ ಉದ್ದ ಬದಲಾಗುವ ಡಿಎನ್‌ಎ ತುಣುಕುಗಳನ್ನು ಓದುತ್ತಾರೆ. ಮುಂದಿನ ದಾರಿಗಳು ಹಲವು. ಕೆಲವು ತಲೆಮಾರುಗಳ ಅಂತರದಲ್ಲಿ ಎರಡು ಮಾದರಿ ಪಡೆದು, ಜೀನ್ ರೂಪಗಳ ಪ್ರಮಾಣ ಎಷ್ಟು ಏರುಪೇರಾಯಿತು ಎಂದು ನೋಡುವುದು ಒಂದು. ಗುಂಪು ಚಿಕ್ಕದಾದಷ್ಟೂ ಏರುಪೇರು ಹೆಚ್ಚು. ಪಶ್ಚಿಮ ಫ್ರಾನ್ಸಿನ ಕೊಳಗಳಲ್ಲಿ ಒಟ್ಟಿಗೆ ಬಾಳುವ ನ್ಯೂಟ್ ಎಂಬ ಬಾಲವುಳ್ಳ ಉಭಯಚರಗಳ ಎರಡು ಜಾತಿಗಳನ್ನು ಹೀಗೆ ಅಳೆದಾಗ, ಎಣಿಸಿದ ವಯಸ್ಕ ಜೀವಿಗಳ ಒಂದು ಸಣ್ಣ ಪಾಲು ಮಾತ್ರ ಲೆಕ್ಕಕ್ಕೆ ನಿಂತಿತು. ಇನ್ನೊಂದು ದಾರಿ ಒಡಹುಟ್ಟುಗಳದು. ಶಾಲೆಯಲ್ಲಿ ಯಾವ ಇಬ್ಬರು ಮಕ್ಕಳನ್ನು ಹಿಡಿದರೂ ಅಣ್ಣತಮ್ಮಂದಿರೇ ಆಗಿದ್ದರೆ ಊರಲ್ಲಿ ಮನೆಗಳೇ ಕಡಿಮೆ ಎಂದು ತಿಳಿಯುತ್ತದಲ್ಲ, ಹಾಗೆ.

ಮೋಸ ಹೋಗುವುದೂ ಇಲ್ಲೇ. ಬಲೆಯನ್ನು ಒಂದೇ ಮೂಲೆಯಲ್ಲಿ ಆಡಿಸಿದರೆ ಒಂದೇ ಸರದ ಮಕ್ಕಳು ಬರುತ್ತವೆ. ಕಂಪ್ಯೂಟರ್ ಪಾಪ, ಕೊಳದಲ್ಲಿ ತಾಯ್ತಂದೆಯರೇ ಇಲ್ಲವೆಂದು ವರದಿ ಕೊಡುತ್ತದೆ. ಒಂದೇ ವರ್ಷದ ಗೊದಮೊಟ್ಟೆಗಳಿಂದ ಸಿಗುವುದು ಆ ವರ್ಷ ಸಂತಾನ ಪಡೆದವುಗಳ ಸಂಖ್ಯೆಯೇ ಹೊರತು ಇಡೀ ತಲೆಮಾರಿನದಲ್ಲ. ಈ ಎರಡನ್ನೂ ಬೆರೆಸಿ ಬರೆದ ಪ್ರಬಂಧಗಳು ಕಡಿಮೆಯಿಲ್ಲ. ಮಾದರಿ ಸಾಲದಿದ್ದರೆ ಅಂದಾಜಿನ ಮೇಲ್ಮಿತಿ ‘ಅನಂತ’ ಎಂದು ಬರುವುದುಂಟು. ಅದನ್ನು ಹಾಗೆಯೇ ಅಚ್ಚು ಮಾಡಿ ಎಂದು ನನ್ನ ಸಲಹೆ. ನಾಚಿಕೆಯಿಂದ ಮುಚ್ಚಿಡುವುದು ವಿಜ್ಞಾನವಲ್ಲ.

ಈ ಅಳತೆ ಇನ್ನು ಪಂಡಿತರ ಕೋಣೆಯ ಮಾತಲ್ಲ. 2022ರ ಕುನ್‌ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದದ ಮುಖ್ಯ ಸೂಚಕಗಳಲ್ಲಿ ಪರಿಣಾಮಕಾರಿ ಸಂಖ್ಯೆ 500 ದಾಟಿದ ಗುಂಪುಗಳ ಪಾಲೂ ಸೇರಿದೆ. ಭಾರತವೂ ಆ ಒಪ್ಪಂದದಲ್ಲಿದೆ. ಇಲ್ಲಿ ಕೂತ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಒಂದೇ: ಅರಣ್ಯ ಇಲಾಖೆಯ ಅನುಮತಿ ಪಡೆದು, ನಿಮ್ಮೂರ ಕೆರೆಯ ನಾನಾ ಮೂಲೆಗಳಿಂದ ಗೊದಮೊಟ್ಟೆಗಳ ಬಾಲದ ತುದಿ ತೆಗೆದು, ಆಲ್ಕೋಹಾಲಿನಲ್ಲಿಟ್ಟು, ಜಾಗ ಮತ್ತು ದಿನಾಂಕ ಬರೆದಿಡಿ. ಹತ್ತು ವರ್ಷದ ನಂತರ ಹೋಲಿಸಿ ನೋಡುವವರಿಗೆ ಈ ವರ್ಷದ ಮಾದರಿ ಬೇಕೇ ಬೇಕು.