ಗ್ವೆನ್ ಐಫಿಲ್ ಕೇಳಿದ ಪ್ರಶ್ನೆ

ಪತ್ರಕರ್ತರು ನಿಷ್ಪಕ್ಷಪಾತಿಗಳಾಗಿರಬೇಕಾದರೆ ತಮ್ಮ ಹುಟ್ಟು, ಬಣ್ಣ ಮರೆತೇ ಕೂರಬೇಕು ಎನ್ನುವವರಿದ್ದಾರೆ. ಅಮೆರಿಕದ ಕಪ್ಪು ಪತ್ರಕರ್ತೆ ಗ್ವೆನ್ ಐಫಿಲ್ ಅವರ ವೃತ್ತಿಜೀವನದ ಮುಂದೆ ಈ ವಾದ ನಿಲ್ಲುವುದಿಲ್ಲ. ಪತ್ರಿಕೆಗಳಲ್ಲಿ ಪಳಗಿ, 1994ರಲ್ಲಿ ಎನ್‌ಬಿಸಿ, 1999ರಲ್ಲಿ ಪಿಬಿಎಸ್ ವಾಹಿನಿ ಸೇರಿದ ಅವರು 2004ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಡಿಕ್ ಚೇನಿ ಮತ್ತು ಜಾನ್ ಎಡ್ವರ್ಡ್ಸ್ ನಡುವಿನ ಚರ್ಚೆ ನಡೆಸಿಕೊಟ್ಟರು. ಅಲ್ಲಿ ಏಡ್ಸ್ ವಿಷಯ ಎತ್ತಿದರು. ಚೀನಾ, ಆಫ್ರಿಕಾದ ಮಾತು ಬೇಡ. ನಮ್ಮ ದೇಶದಲ್ಲೇ 25ರಿಂದ 44 ವಯಸ್ಸಿನ ಕಪ್ಪು ಹೆಂಗಸರು ಈ ರೋಗದಿಂದ ಸಾಯುವ ಸಂಭವ ಇತರ ಹೆಂಗಸರಿಗಿಂತ 13 ಪಟ್ಟು ಹೆಚ್ಚಿದೆ, ಸರ್ಕಾರ ಏನು ಮಾಡಬೇಕು ಎಂದು ಕೇಳಿದರು. ಆ ಅಂಕಿ ಕೇಳಿಯೇ ಇಲ್ಲ ಎಂದರು ಚೇನಿ. ಎಡ್ವರ್ಡ್ಸ್ ಮಾತು ಮತ್ತೆ ಆಫ್ರಿಕಾಕ್ಕೇ ಹೊರಳಿತು! ಇಬ್ಬರೂ ಸಮನಾಗಿ ತಡವರಿಸಿದ ಈ ಪ್ರಶ್ನೆಯಲ್ಲಿ ಪಕ್ಷಪಾತ ಎಲ್ಲಿದೆ? ತಮ್ಮ ಜನರ ಸಂಕಟ ಬಲ್ಲವರಿಗೆ ಅದು ಹೊಳೆಯುವ ಸಾಧ್ಯತೆ ಹೆಚ್ಚಿತ್ತು.

2008ರಲ್ಲಿ ಆಕ್ಷೇಪ ಬಂತು: ಒಬಾಮಾ ಕಾಲದ ಕಪ್ಪು ನಾಯಕರ ಬಗ್ಗೆ ಪುಸ್ತಕ ಬರೆಯುತ್ತಿರುವ ಐಫಿಲ್, ಒಬಾಮಾ ಜೊತೆ ಕಣಕ್ಕಿಳಿದಿದ್ದ ಜೋ ಬೈಡನ್ ಮತ್ತು ಎದುರು ಪಕ್ಷದ ಸಾರಾ ಪೇಲಿನ್ ನಡುವಿನ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯನ್ನು ನಡೆಸುವುದು ಸರಿಯೇ? ಒಬಾಮಾ ಗೆದ್ದರೆ ಪುಸ್ತಕಕ್ಕೂ ಲಾಭ ತಾನೇ. ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಆದರೆ ಪುಸ್ತಕದ ಸುದ್ದಿ ಗುಟ್ಟಾಗಿರಲಿಲ್ಲ, ಮೊದಲೇ ಪ್ರಕಟವಾಗಿತ್ತು. ಇನ್ನು ಚರ್ಚೆಯಲ್ಲಿ, ನೀವು ಬಯಸಿದಂತೆ ನಾನು ಉತ್ತರಿಸದೆ ಇರಬಹುದು ಎಂದು ಪೇಲಿನ್ ನೇರವಾಗಿಯೇ ಹೇಳಿದಾಗಲೂ ಐಫಿಲ್ ಪಟ್ಟು ಹಿಡಿಯಲಿಲ್ಲ. ದೂರುವುದಾದರೆ ಆ ಸಡಿಲಿಕೆಯನ್ನು ದೂರಬೇಕು. ಅದರಿಂದ ಅನುಕೂಲವಾದದ್ದು ಒಬಾಮಾ ಪಕ್ಷಕ್ಕಂತೂ ಅಲ್ಲ.