ರಿಮಾಂಡ್ ದಿನದ ವಕೀಲ



 ವಕೀಲರ ಸಂಘದ ಕಟ್ಟಡ, ಕಲ್ಯಾಣ ನಿಧಿಗಳ ವಿಷಯ ಈ ಸಮ್ಮೇಳನದ ಮಧ್ಯಾಹ್ನದ ಗೋಷ್ಠಿಯಲ್ಲಿ ಬರುತ್ತದೆ. ನಾನು ರಿಮಾಂಡ್ ಬಗ್ಗೆ ಮಾತ್ರ ಮಾತಾಡುತ್ತೇನೆ.

ಸಂಜೆ ಐದೂವರೆ. ಕೋರ್ಟ್ ಹಾಲ್ ಬಹುತೇಕ ಖಾಲಿಯಾಗಿದೆ. ಪೊಲೀಸರು ಒಬ್ಬ ಹುಡುಗನನ್ನು ತಂದು ನಿಲ್ಲಿಸುತ್ತಾರೆ. ಕಾಲಲ್ಲಿ ಚಪ್ಪಲಿಯಿಲ್ಲ, ಅಂಗಿಯ ಮೇಲೆ ಗ್ಯಾರೇಜಿನ ಆಯಿಲ್ ಕಲೆ. ‘ಪೊಲೀಸರಿಂದ ತೊಂದರೆ ಆಯಿತೇ?’ ಎಂದು ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ಅವನು ಹಿಂದೆ ನಿಂತ ಪೇದೆಯತ್ತ ನೋಡಿ ಇಲ್ಲವೆಂದು ತಲೆಯಾಡಿಸುತ್ತಾನೆ. ‘ವಕೀಲರಿದ್ದಾರಾ?’ ಮತ್ತೆ ಅದೇ ತಲೆಯಾಟ. ಹದಿನಾಲ್ಕು ದಿನ ನ್ಯಾಯಾಂಗ ಬಂಧನ. ಎಲ್ಲ ಸೇರಿ ಎರಡು ನಿಮಿಷ.

ನಾನು ವೃತ್ತಿಗೆ ಬಂದ ಮೂರನೇ ವರ್ಷ ಕಂಡದ್ದಿದು. ಕನ್ನಗಳವಿನ ಕೇಸು. ಅರವತ್ತು ದಿನದೊಳಗೆ ದೋಷಾರೋಪ ಪಟ್ಟಿ ಬರಬೇಕಿತ್ತು, ಬರಲಿಲ್ಲ. ಅಂದು ಒಂದು ಅರ್ಜಿ ಬಿದ್ದಿದ್ದರೆ ಜಾಮೀನು ಅವನ ಹಕ್ಕಾಗಿತ್ತು. ಹಾಕುವವರು ಯಾರೂ ಇರಲಿಲ್ಲ. ಅರವತ್ಮೂರನೇ ದಿನ ಪಟ್ಟಿ ಸಲ್ಲಿಕೆಯಾಯಿತು, ಹಕ್ಕು ಹೋಯಿತು. ಏಳು ತಿಂಗಳ ನಂತರ ವಿಚಾರಣೆಯಲ್ಲಿ ಪಂಚರು ತಾವು ಮಹಜರಿಗೆ ಠಾಣೆಯಲ್ಲೇ ಸಹಿ ಹಾಕಿದ್ದೆಂದು ಪಾಟೀ ಸವಾಲಿನಲ್ಲಿ ಒಪ್ಪಿಕೊಂಡರು. ಖುಲಾಸೆಯಾಯಿತು. ಅಷ್ಟರಲ್ಲಿ ಗ್ಯಾರೇಜಿನ ಕೆಲಸ ಹೋಗಿತ್ತು, ತಂಗಿಯ ನಿಶ್ಚಿತಾರ್ಥ ಮುರಿದಿತ್ತು. ರಿಮಾಂಡಿನ ಆ ಸಂಜೆ ನಾನು ಅದೇ ಹಾಲಿನಲ್ಲಿ ಕೂತಿದ್ದೆ. ನನ್ನ ಕೇಸಲ್ಲವೆಂದು ಫೈಲು ಕಟ್ಟಿಕೊಂಡು ಎದ್ದು ಹೋದೆ. ಇದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆರೋಪವೇ ಶಿಕ್ಷೆ ಕೊಡಲು ಶುರುಮಾಡುತ್ತದೆ ಎಂಬುದನ್ನು ನಾವು ಕಕ್ಷಿದಾರರಿಗೆ ಬಿಡಿಸಿ ಹೇಳುವುದೇ ಇಲ್ಲ. ಸರ್ಕಾರಿ ನೌಕರ 48 ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಅಮಾನತು ತಾನಾಗಿಯೇ ಬರುತ್ತದೆ. ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೆಲಸದ ಅರ್ಜಿಯಲ್ಲಿ ಕೇಸನ್ನು ಮುಚ್ಚಿಟ್ಟರೆ ಸಿಕ್ಕ ಕೆಲಸವೂ ಹೋಗಬಹುದು. ಜೈಲಿನಲ್ಲಿರುವ ವಿಚಾರಣಾಧೀನ ಕೈದಿ, ಅಪರಾಧ ಸಾಬೀತಾಗದಿದ್ದರೂ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಮತ ಹಾಕುವಂತಿಲ್ಲ.

ಕಾನೂನಿನಲ್ಲಿ ದಾರಿಗಳಿಲ್ಲವೆಂದಲ್ಲ. ತಾನು ಆರಿಸಿದ ವಕೀಲರ ನೆರವು ಪಡೆಯುವ ಹಕ್ಕು ಸಂವಿಧಾನದ 22ನೇ ವಿಧಿಯಲ್ಲಿದೆ. 1979ರ ಹುಸ್ಸೇನಾರಾ ಖಾತೂನ್ ಪ್ರಕರಣದಲ್ಲಿ, ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಮುಖ ನೋಡಿ, ಉಚಿತ ಕಾನೂನು ನೆರವು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿತು. ಆ ನೆರವು ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವಾಗಲೇ ಸಿಗಬೇಕೆಂದು ಮುಂದೆ, ಭಾಗಲ್ಪುರದಲ್ಲಿ ಪೊಲೀಸ್ ವಶದಲ್ಲಿ ಕಣ್ಣು ಕಳೆದುಕೊಂಡವರ ಪ್ರಕರಣದಲ್ಲಿ, ಮತ್ತೆ ಹೇಳಬೇಕಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಮರಣದಂಡನೆ, ಜೀವಾವಧಿಯ ಅಪರಾಧಗಳನ್ನು ಬಿಟ್ಟು, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಯ ದಾರಿ ತೋರಿಸುತ್ತದೆ. ಬೇರೆ ಕೇಸುಗಳು ಬಾಕಿಯಿದ್ದರೆ ಮಾತ್ರ ಅದು ಕಷ್ಟ. ಈ ದಿನಗಳನ್ನು ಎಣಿಸುವವರು ಯಾರು? ಒಳಗಿರುವವನ ಬಳಿ ಕ್ಯಾಲೆಂಡರ್ ಇಲ್ಲ.

ಇನ್ನೊಂದು ಮಾತು, ಕಹಿಯಾದರೂ ಹೇಳಲೇಬೇಕು. 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ವಕೀಲರ ಸಂಘ ನಿರ್ಣಯ ಮಾಡಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಧಾರವಾಡದ ಕೋರ್ಟಿನಲ್ಲಿ ಪೊಲೀಸ್ ರಕ್ಷಣೆ ಬೇಕಾಯಿತು. ಇಂಥ ನಿರ್ಣಯಗಳು ಕಾನೂನುಬಾಹಿರವೆಂದು 2010ರಲ್ಲೇ ಸುಪ್ರೀಂ ಕೋರ್ಟಿನ ಮೊಹಮ್ಮದ್ ರಫಿ ಪ್ರಕರಣದಲ್ಲಿ ತೀರ್ಪಾಗಿತ್ತು. ಆರೋಪಿಯ ಪರ ನಿಂತರೆ ಅಪರಾಧದ ಪರ ನಿಂತಂತಲ್ಲ. ಸಾಕ್ಷ್ಯವನ್ನು ಒರೆಗೆ ಹಚ್ಚುವುದು ನಮ್ಮ ಕೆಲಸ. ನಾವು ಅದನ್ನು ಮಾಡದಿದ್ದರೆ ನ್ಯಾಯಾಧೀಶರ ಮುಂದೆ ಪೊಲೀಸರ ಕಥೆಯೊಂದೇ ಉಳಿಯುತ್ತದೆ.

ಜಿಲ್ಲಾ ಕೇಂದ್ರಗಳಲ್ಲಿ ಈಗ ಕಾನೂನು ನೆರವು ಅಭಿರಕ್ಷಕರಿದ್ದಾರೆ, ಅವರ ಶ್ರಮಕ್ಕೆ ನನ್ನ ನಮನ. ಆದರೆ ಕೆಲವೇ ಜನ ಎಲ್ಲ ತಾಲ್ಲೂಕುಗಳ ರಿಮಾಂಡಿಗೂ ಓಡಲಾರರು. ಹಬ್ಬದ ದಿನ ಮ್ಯಾಜಿಸ್ಟ್ರೇಟರ ಮನೆಯ ಜಗಲಿಯಲ್ಲಿ ಹಾಜರುಪಡಿಸುವಾಗ ಅಲ್ಲಿ ಕಪ್ಪು ಕೋಟು ಕಾಣುವುದೇ ಅಪರೂಪ. ಹಾಗಾಗಿ ನನ್ನದೊಂದು ಬೇಡಿಕೆ. ಊರಿಗೆ ಹಿಂತಿರುಗಿದ ಮೇಲೆ ಸಂಘದ ನೋಟಿಸ್ ಬೋರ್ಡಿನಲ್ಲಿ ರಿಮಾಂಡ್ ಪಾಳಿಯ ಪಟ್ಟಿಯೊಂದನ್ನು ಹಾಕಿ, ಭಾನುವಾರವೂ ಸೇರಿ, ದಿನಕ್ಕೊಬ್ಬರಂತೆ. ಮೊದಲ ಹೆಸರು ಸಂಘದ ಅಧ್ಯಕ್ಷರದ್ದಿರಲಿ. ನಮ್ಮ ತಾಲ್ಲೂಕಿನ ಪಟ್ಟಿಯಲ್ಲಿ ಬರುವ ಭಾನುವಾರಕ್ಕೆ ನನ್ನ ಹೆಸರು ಬರೆಸಿಯೇ ಇಲ್ಲಿಗೆ ಬಂದಿದ್ದೇನೆ.