3 ಮೀಟರ್ ಅಲೆ ಎಂದರೆ ಎಷ್ಟು ಎತ್ತರ?

ಕರಾವಳಿಯಲ್ಲಿ 3 ಮೀಟರ್ ಎತ್ತರದ ಅಲೆಗಳು ಏಳಲಿವೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಎಚ್ಚರಿಕೆಯನ್ನು ಮಳೆಗಾಲದಲ್ಲಿ ನೀವು ಕೇಳಿಯೇ ಇರುತ್ತೀರಿ. ಆ 3 ಮೀಟರ್ ಯಾವ ಅಲೆಯದು? ದಡದಲ್ಲಿ ಐದು ನಿಮಿಷ ನಿಂತವರಿಗೂ ಗೊತ್ತು, ಒಂದು ತೆರೆಯಂತೆ ಇನ್ನೊಂದಿರುವುದಿಲ್ಲ.

ಇದಕ್ಕೆ ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ದೋಣಿಗಳಿಂದ ಸೈನಿಕರನ್ನು ದಡಕ್ಕೆ ಇಳಿಸಬೇಕಾಗಿತ್ತು. ಅಲೆಯ ಅಂದಾಜು ತಪ್ಪಿದರೆ ಜೀವಹಾನಿ. ಆಗ ಅಮೆರಿಕದಲ್ಲಿ ಸಾಗರ ವಿಜ್ಞಾನಿಗಳಾದ ಹೆರಾಲ್ಡ್ ಸ್ವೆರ್ಡ್ರುಪ್ ಮತ್ತು ವಾಲ್ಟರ್ ಮಂಕ್ ಒಂದು ಅಳತೆ ಹಿಡಿದರು. ಅಲೆಗಳಲ್ಲಿ ಎತ್ತರವಾದ ಮೂರನೇ ಒಂದು ಪಾಲನ್ನು ಮಾತ್ರ ತೆಗೆದುಕೊಂಡು ಅವುಗಳ ಸರಾಸರಿ ಹಾಕುವುದು. ಇಂದಿಗೂ ಹವಾಮಾನ ವರದಿಯ ಅಲೆ ಎತ್ತರ ಸಾಮಾನ್ಯವಾಗಿ ಇದೇ.

ಈಗ ಅಲೆಗಳನ್ನು ಒಂದೊಂದಾಗಿ ಎಣಿಸಬೇಕಿಲ್ಲ. ಕಡಲಲ್ಲಿ ತೇಲುವ ಬೋಯಾ ನೀರಿನ ಏರಿಳಿತವನ್ನು ಅಂಕಿಗಳ ಸಾಲಾಗಿ ಕಳಿಸುತ್ತದೆ. ಆ ಅಂಕಿಗಳ ಮಾನಕ ವಿಚಲನೆಯನ್ನು, ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು, ನಾಲ್ಕರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದೇ ಎತ್ತರ ಸಿಗುತ್ತದೆ! ಏರಿಳಿತವನ್ನು ಬಿಡಿ ಅಲೆಗಳಾಗಿ ಒಡೆಯುವ ಫೂರಿಯೆ ಗಣಿತ ಇನ್ನೂ ಆಳಕ್ಕೆ ಹೋಗುತ್ತದೆ. ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆ, ಮದ್ದಳೆ, ತಾಳಗಳನ್ನು ಪಳಗಿದ ಕಿವಿ ಬೇರೆಬೇರೆಯಾಗಿ ಕೇಳುತ್ತದಲ್ಲ, ಹಾಗೆಯೇ ಕಲಸಿಹೋದ ನೀರಿನಲ್ಲಿ ಇಲ್ಲಿಯ ಗಾಳಿ ಎಬ್ಬಿಸಿದ ಗಿಡ್ಡ ತೆರೆ ಯಾವುದು, ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದಿಂದ ಬಂದ ಉದ್ದನೆಯ ತೆರೆ ಯಾವುದು ಎಂದು ಅದು ಬಿಡಿಸಿ ತೋರಿಸುತ್ತದೆ. ಮುನ್ಸೂಚನೆಗಾಗಿ ಕಂಪ್ಯೂಟರು ಇಡೀ ಸಾಗರವನ್ನು ಚೌಕಗಳಾಗಿ ಹಂಚಿಕೊಂಡು, ಗಾಳಿ ಎಷ್ಟು ಶಕ್ತಿ ಕೊಟ್ಟಿತು, ನೊರೆಯಾಗಿ ಎಷ್ಟು ಕಳೆಯಿತು ಎಂದು ಪ್ರತಿ ಚೌಕಕ್ಕೂ ಲೆಕ್ಕವಿಡುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1952ರಲ್ಲಿ ಬ್ರಿಟನ್ನಿನ ಗಣಿತಜ್ಞ ಲಾಂಗೆ-ಹಿಗಿನ್ಸ್ ತೋರಿಸಿದ ಲೆಕ್ಕ. ಸುಮಾರು 3000 ಅಲೆಗಳಲ್ಲಿ ಒಂದು, ವರದಿಯಲ್ಲಿ ಹೇಳಿದ ಎತ್ತರದ ಎರಡರಷ್ಟನ್ನೂ ಮೀರಬಹುದು. 8 ಸೆಕೆಂಡಿಗೊಂದು ಅಲೆ ಬರುತ್ತಿದ್ದರೆ 3000 ಅಲೆ ದಾಟಲು ಏಳು ಗಂಟೆಯೂ ಬೇಡ. 1995ರ ಜನವರಿ 1ರಂದು ಉತ್ತರ ಸಮುದ್ರದಲ್ಲಿ, ನಾರ್ವೆಯ ಡ್ರೌಪ್ನರ್ ಅನಿಲ ವೇದಿಕೆಗೆ ಅಪ್ಪಳಿಸಿದ ಅಲೆ ಸುಮಾರು 26 ಮೀಟರ್ ಇತ್ತು. ಆ ಹೊತ್ತಿನ ಕಡಲಿಗೆ ವರದಿಯ ಲೆಕ್ಕದ ಎತ್ತರ ಮಾತ್ರ ಸುಮಾರು 12 ಮೀಟರ್.

ಆದ್ದರಿಂದ ಮೀನುಗಾರ ಬಂಧುಗಳೇ, 3 ಮೀಟರ್ ಎಂದು ಕೇಳಿದಾಗ ಅದಕ್ಕಿಂತ ದೊಡ್ಡದನ್ನು ಕಂಡವರು ನಾವು ಎನ್ನಬೇಡಿ. ಅದೇ ದಿನ 6 ಮೀಟರಿನದೂ ಬರಬಹುದು. ದಯವಿಟ್ಟು ಅಂದು ದೋಣಿ ದಡದಲ್ಲೇ ಇರಲಿ.